ಯೋಚನೆಗೆ ಬಿಲ್ ಹಾಕುವುದು

ಇಂಟೀರಿಯರ್ ಡಿಸೈನರ್ ಅನ್ನಿಸಿಕೊಳ್ಳಲು ನಮ್ಮ ದೇಶದಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ನಮಗೆ ಅದೇನೂ ಇಲ್ಲ. ಅದೇ 1972ರಲ್ಲಿ ಇಂಟೀರಿಯರ್ ಡಿಸೈನರ್‌ಗಳದ್ದೇ ಒಂದು ಸಂಸ್ಥೆಯೂ ಹುಟ್ಟಿತು. ಆದರೆ ಅದರ ಸದಸ್ಯತ್ವ ಇದೆಯೋ ಇಲ್ಲವೋ ಎಂದು ಮನೆ ಮಾಡಿಸುವವರು ಯಾರೂ ಕೇಳುವುದಿಲ್ಲ. ಪರದೆ ಅಂಗಡಿಯವನೂ ಡಿಸೈನರ್, ಪ್ಲೈವುಡ್ ಅಂಗಡಿಯವನ ಅಳಿಯನೂ ಡಿಸೈನರ್, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಚೆಂದದ ಸೋಫಾಗಳ ಫೋಟೊ ಹಾಕುವ ಮೂರನೇ ಮಹಡಿಯವರೂ ಡಿಸೈನರ್. ದೂರು ಹೇಳುತ್ತಿಲ್ಲ. ಬಾಗಿಲು ಹೀಗೆ ಹಾರುಹೊಡೆದಿದ್ದರಿಂದಲೇ ಮಹಿಳಾ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಹಿಡಿದು ಬಂದ ನನ್ನಂಥವಳೂ ಒಳಗೆ ನುಗ್ಗಲು ಸಾಧ್ಯವಾಯಿತು. ಆದರೆ ಹಾಗೆ ನುಗ್ಗಿದವರು ಒಂದು ಪ್ರಶ್ನೆಯನ್ನು ಉದ್ದಕ್ಕೂ ಕೇಳಿಸಿಕೊಳ್ಳಬೇಕು: ಮರಕ್ಕೆ ದುಡ್ಡು ಕೊಡುತ್ತೇವೆ, ಬಡಗಿಗೆ ಕೂಲಿ ಕೊಡುತ್ತೇವೆ, ನಿಮಗೆ ಯಾಕೆ?

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ್ದು ಎರಡೇ ಕೆಲಸ. ಒಂದು, ಮನೆಗಳ ಒಳಗನ್ನು ಹೊಂದಿಸಿದ್ದು. ಇನ್ನೊಂದು, ಈ ಪ್ರಶ್ನೆಗೆ ಉತ್ತರ ಹುಡುಕಿದ್ದು. ಎರಡನೆಯದೇ ಹೆಚ್ಚು ಹೊತ್ತು ತಿಂದಿತು.

ನಮ್ಮದು ಮೈಸೂರು. ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನ ಮರಗೆಲಸದ ವಿಭಾಗದಲ್ಲಿ ಅಣ್ಣ ಇದ್ದರು. ತಂದೆಯನ್ನು ನಮ್ಮ ಮನೆಯಲ್ಲಿ ಅಣ್ಣ ಎಂದೇ ಕರೆಯುತ್ತಿದ್ದದ್ದು. ರಿಪೇರಿಗೆ ಬಂದ ಬೋಗಿಗಳ ಬರ್ತು, ಬಾಗಿಲು, ಕಿಟಕಿ ಅವರ ಪಾಲಿನವು. ಮನೆಯಲ್ಲಿ ಹೆಚ್ಚು ಮಾತಿನವರಲ್ಲ. ರೈಲು ಹತ್ತಿದರೆ ಮಾತ್ರ ಬಾಯಿ ಬಿಡುತ್ತಿದ್ದರು. ಮಧ್ಯದ ಬರ್ತು ಹಗಲಲ್ಲಿ ಬೆನ್ನಿಗೆ ಒರಗು, ರಾತ್ರಿ ಎತ್ತಿ ಸಿಕ್ಕಿಸಿದರೆ ಹಾಸಿಗೆ. ಅದರ ಕೀಲು ಎಲ್ಲಿರಬೇಕು, ಎಷ್ಟು ಭಾರ ತಡೆಯಬೇಕು, ಕಿಟಕಿ ಪಕ್ಕದ ಪುಟ್ಟ ಮೇಜು ಯಾಕೆ ಅಷ್ಟೇ ಅಗಲ, ಇವೆಲ್ಲ ಬೆಂಗಳೂರು ಬರುವವರೆಗೂ ನಡೆಯುತ್ತಿತ್ತು. "ಓಡೋ ಗಾಡೀಲಿ ಚೂಪು ಮೂಲೆ ಇದ್ರೆ ಯಾರದಾದ್ರೂ ಮಂಡಿ ಒಡೆಯುತ್ತೆ" ಎಂದು ಒಮ್ಮೆ ಹೇಳಿದರು. ಮನೆ ಓಡುವುದಿಲ್ಲವಲ್ಲ ಎಂದೆ. "ಮನೆ ಓಡಲ್ಲ ಕಣೆ, ಮಕ್ಕಳು ಓಡ್ತವಲ್ಲ." ನನ್ನ ಸ್ಟುಡಿಯೋದಿಂದ ಹೋದ ಯಾವ ಅಡಿಗೆಕಟ್ಟೆಯ ಗ್ರಾನೈಟಿಗೂ ಚೂಪು ಮೂಲೆ ಇಲ್ಲ. ಕಲ್ಲು ಕೊಯ್ಯುವವರು ಮೂಲೆ ದುಂಡು ಮಾಡಲು ಬೇರೆ ಕೂಲಿ ಕೇಳುತ್ತಾರೆ, ಅದನ್ನು ಅಂದಾಜಿನಲ್ಲಿ ಮೊದಲೇ ಬರೆದಿಡುತ್ತೇನೆ.

ಬೆಂಗಳೂರಿಗೆ ಬಂದಾಗ ತೊಂಬತ್ತರ ದಶಕದ ಕೊನೆ. ಒಬ್ಬ ಆರ್ಕಿಟೆಕ್ಟ್ ಕಚೇರಿಯಲ್ಲಿ ಸೇರಿಕೊಂಡೆ. ಟ್ರೇಸಿಂಗ್ ಹಾಳೆಯ ಮೇಲೆ ಮಸಿಯ ಪೆನ್ನಲ್ಲಿ ಗೀಟು, ತಪ್ಪಿದರೆ ಬ್ಲೇಡಿನಲ್ಲಿ ಕೆರೆಯುವುದು, ಸಂಜೆ ಅಮೋನಿಯಾ ಪ್ರಿಂಟ್ ಹಾಕಿಸಲು ಓಡುವುದು. ಆ ಅಂಗಡಿಗಳ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಬಂದು ಅದೆಲ್ಲ ಮುಗಿಯಿತು. ಅಮೆರಿಕದಲ್ಲಿ ಡಾಟ್‌ಕಾಮ್ ಕಂಪನಿಗಳು ಮುಳುಗಿದಾಗ ಇಲ್ಲಿ ಅರ್ಧ ಕಟ್ಟಿದ ಫ್ಲ್ಯಾಟುಗಳ ಕೆಲಸ ನಿಂತಿತು, ಕಚೇರಿಯಲ್ಲಿ ಜನ ಕಡಿಮೆ ಮಾಡಿದರು, ನಾನೂ ಹೊರಗೆ ಬಂದೆ. ಜಯನಗರದಲ್ಲಿ ಪರಿಚಯದವರ ಮನೆಯ ಕಾರ್ ಗ್ಯಾರೇಜು ಖಾಲಿ ಇತ್ತು. ಶಟರ್ ಎತ್ತಿದರೆ ಸ್ಟುಡಿಯೋ, ಇಳಿಸಿದರೆ ಕತ್ತಲೆ. ಕಿಟಕಿ ಇಲ್ಲದ ಜಾಗದಲ್ಲಿ ಕೂತು ಬೇರೆಯವರ ಮನೆಗೆ ಗಾಳಿ ಬೆಳಕು ಎಲ್ಲಿಂದ ಬರಬೇಕು ಎಂದು ಬರೆದುಕೊಡುತ್ತಿದ್ದೆ.

ಆಗಿನ ಪದ್ಧತಿ ಒಂದಿತ್ತು, ಈಗಲೂ ಬಹುಮಟ್ಟಿಗೆ ಅದೇ ಇದೆ. ಮನೆಯವರ ಹತ್ತಿರ ಫೀಸು ಎಂದು ಏನೂ ಕೇಳುವುದಿಲ್ಲ. ಡಿಸೈನ್ ಪುಕ್ಕಟೆ. ಕಪಾಟಿಗೆ ಚದರಡಿಗೆ ಇಷ್ಟು ಎಂದು ಹೇಳಿ ತನ್ನ ಪಾಲನ್ನು ಅದರೊಳಗೆ ಹುದುಗಿಸುವುದು. ಅದರ ಮೇಲೆ ಪ್ಲೈವುಡ್ಡು, ಟೈಲ್ಸು, ಲೈಟು, ಪರದೆ, ನಲ್ಲಿ, ಎಲ್ಲ ಅಂಗಡಿಯಿಂದಲೂ ಕಮಿಷನ್ನು. ಮನೆಯವರಿಗೆ ಇದು ಗೊತ್ತಿರುವುದಿಲ್ಲ ಎಂದಲ್ಲ. ಅನುಮಾನ ಇರುತ್ತದೆ, ಎಷ್ಟು ಎಂದು ಗೊತ್ತಿರುವುದಿಲ್ಲ. ಹಾಗಾಗಿ ನಾವು ಯಾವ ಹಿಡಿಕೆ ಚೆನ್ನಾಗಿದೆ ಎಂದರೂ ಅವರ ಕಣ್ಣು ಹಿಡಿಕೆಯ ಮೇಲಿರುವುದಿಲ್ಲ, ನಮ್ಮ ಮುಖದ ಮೇಲಿರುತ್ತದೆ.

ಇದು ನನಗೆ ಆಗದ ಮಾತು ಎನ್ನಿಸಿತು. ದೊಡ್ಡ ಆದರ್ಶವೇನೂ ಅಲ್ಲ. ಬೇರೆಯವರ ದುಡ್ಡಿನಲ್ಲಿ ಸಾಮಾನು ಆರಿಸುವಾಗ ತಲೆಯೊಳಗೆ ಇನ್ನೊಂದು ಲೆಕ್ಕ ಓಡುತ್ತಿದ್ದರೆ ಆಯ್ಕೆ ಕೆಡುತ್ತದೆ, ಅಷ್ಟೆ. ಫೀಸನ್ನು ಬಿಳಿ ಹಾಳೆಯ ಮೇಲೆ ಬರೆದು ಕೇಳುವುದು, ಅಂಗಡಿಯ ಕಮಿಷನ್ ಬಿಲ್ಲಿನಲ್ಲೇ ಕಡಿಮೆ ಮಾಡಿಸುವುದು ಎಂದು ಗೊತ್ತು ಮಾಡಿಕೊಂಡೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಪ್ಲೈವುಡ್ ಅಂಗಡಿಗಳ ಸಾಲೇ ಇದೆ. ಅಲ್ಲೊಬ್ಬ ಹಿರಿಯ ಸೇಠು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುವವರು, ಬಿಲ್ ಪುಸ್ತಕ ತೆಗೆದು ಕೇಳಿದರು.

"ಮೇಡಂ, ನಿಮ್ದು ಎಷ್ಟು ಸೇರಿಸ್ಲಿ?"

"ನಂದೇನೂ ಸೇರಿಸಬೇಡಿ. ಅಷ್ಟನ್ನೂ ಅವರ ಬಿಲ್ಲಲ್ಲಿ ಕಮ್ಮಿ ಮಾಡಿ."

"ಮತ್ತೆ ನಿಮಗೆ?"

"ಅವರು ಫೀಸು ಕೊಡ್ತಾರೆ."

ಸೇಠು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. "ಕೊಡ್ತಾರಾ?" ಎಂದರು. ವ್ಯಂಗ್ಯ ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು.

ಕೊಡಲಿಲ್ಲ, ಅಥವಾ ಸುಲಭವಾಗಿ ಕೊಡಲಿಲ್ಲ. ಆ ಮನೆಯ ಯಜಮಾನರು ಬಿಲ್ಲು ನೋಡಿ, ಇಷ್ಟು ಕಡಿಮೆಗೆ ಕೊಟ್ಟಿದ್ದಾರೆ ಎಂದರೆ ಮಾಲಿನಲ್ಲೇ ಏನೋ ಐಬಿದೆ ಎಂದುಕೊಂಡರು. ತಮ್ಮ ಸ್ನೇಹಿತರ ಮನೆಗೆ ಹಾಕಿಸಿದ್ದು ಎಂದು ಬೇರೆಲ್ಲಿಂದಲೋ ಒಂದು ತುಂಡು ಪ್ಲೈ ತಂದರು. ಅದರ ಮೇಲೂ ನೀರಿಗೆ ಬಾಳುವ ಪ್ಲೈಯ ಐಎಸ್ 710 ಎಂಬ ಮುದ್ರೆ, ಇದರ ಮೇಲೂ ಅದೇ. ಬಣ್ಣವೂ ಒಂದೇ ಕೆಂಪು.

ಪ್ಲೈವುಡ್ಡಿನಲ್ಲಿ ಕಣ್ಣಿಗೆ ಕಾಣುವುದು ಮರ, ಬಾಳಿಸುವುದು ಅಂಟು. ಮಾಮೂಲಿ ಪ್ಲೈಗೆ, ಅಂದರೆ ಐಎಸ್ 303ರ ಎಂಆರ್ ದರ್ಜೆಯದಕ್ಕೆ, ಯೂರಿಯಾ ಅಂಟು. ಬೀರು, ಮಂಚಕ್ಕೆ ಅದು ಸಾಕು. ನೀರು ತಾಗುವ ಕಡೆ ನಿಲ್ಲುವುದಿಲ್ಲ. 710ರದಕ್ಕೆ ಫಿನಾಲ್ ಅಂಟು. 72 ಗಂಟೆ ಕುದಿಸಿದರೂ ಪದರ ಬಿಡಕೂಡದು ಎಂಬುದು ಅದರ ಪರೀಕ್ಷೆ. ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿತ್ತು, ಕ್ರಮಬದ್ಧವಾಗಿ ಪರೀಕ್ಷೆ ಆಗಬೇಕಾದರೆ ಅಲ್ಲಿಗೆ ಹೋಗಬೇಕಿತ್ತು. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಯಾರು ಅಷ್ಟು ದೂರ ಹೋಗುತ್ತಾರೆ? ಗ್ಯಾರೇಜಿನಲ್ಲಿ ಚಹಾಕ್ಕೆಂದು ಇಟ್ಟಿದ್ದ ಒಲೆಯ ಮೇಲೆ ಹಳೆಯ ಪ್ರೆಶರ್ ಕುಕ್ಕರ್ ಇಟ್ಟೆ. ಎರಡೂ ಪ್ಲೈಗಳಿಂದ ಎರಡೆರಡು ಇಂಚಿನ ತುಂಡು ಕತ್ತರಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ನೀರಿಗೆ ಹಾಕಿ, ಮುಚ್ಚಳ ಹಾಕಿದೆ. ಯಜಮಾನರು ಸ್ಟೂಲಿನ ಮೇಲೆ ಕೂತು ಪೇಪರ್ ಓದಿದರು. ಮಧ್ಯಾಹ್ನ ಊಟಕ್ಕೆ ಹೋಗಿ ಮತ್ತೆ ಬಂದರು. ಕುಕ್ಕರ್ ತೆರೆದಾಗ ಅವರು ತಂದ ತುಂಡು ಚಿರೋಟಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತ್ತು, ನೀರೆಲ್ಲ ಕೆಂಪು. ಬಣ್ಣ ಬಳಿದ ಸುಳ್ಳು. ನಮ್ಮದು ಉಗುರು ಹಾಕಿದರೂ ಜಗ್ಗಲಿಲ್ಲ.

ಅವರು ಅವತ್ತು ಚೆಕ್ಕು ಬರೆದರು. ಬರೆಯುತ್ತ "ಇದನ್ನ ಮೊದಲೇ ಮಾಡಿ ತೋರಿಸಬಹುದಿತ್ತಲ್ಲ" ಎಂದರು. ಆಮೇಲೆ ಹಾಗೇ ಮಾಡಿದೆ. ಆ ಕುಕ್ಕರ್ ಈಗಲೂ ಸ್ಟುಡಿಯೋದಲ್ಲಿದೆ, ಗ್ಯಾಸ್ಕೆಟ್ ಬದಲಾಯಿಸುತ್ತಾ ಬಂದಿದ್ದೇವೆ. ನನ್ನ ಹೆಸರಿಗಿಂತ ಅದರ ಹೆಸರೇ ಹೆಚ್ಚು ಮನೆಗಳಿಗೆ ಮುಟ್ಟಿದೆ.

ಆದರೂ ಮಾಲಿನ ಪರೀಕ್ಷೆಯಿಂದ ಮಾಲಿಗೆ ಬೆಲೆ ಬಂತೇ ಹೊರತು ಯೋಚನೆಗೆ ಬರಲಿಲ್ಲ. ಅದನ್ನು ತೋರಿಸುವ ದಾರಿ ಕಟಿಂಗ್ ಲಿಸ್ಟು. ಪ್ಲೈ ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಏಳಡಿ ಎತ್ತರ, ಎರಡಡಿ ಆಳದ ಬೀರುವಿಗೆ ಎರಡು ಪಕ್ಕಗಳು ಬೇಕು. ಒಂದು ಹಾಳೆಯಲ್ಲಿ ಎರಡೂ ಬರುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬರುವುದಿಲ್ಲ. ಗರಗಸ ತಿನ್ನುವ ಒಂದು ನೂಲು ಯಾರ ಲೆಕ್ಕಕ್ಕೆ? ಆಳವನ್ನು ಕಾಲಿಂಚು ಇಳಿಸಿ ಇಪ್ಪತ್ತಮೂರು ಮುಕ್ಕಾಲು ಎಂದು ಬರೆದರೆ ಎರಡೂ ಬಂದು, ಮೇಲೆ ಸುಮಾರು ಒಂದಡಿ ಅಗಲದ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಡ್ರಾಯರಿನ ಪಕ್ಕಕ್ಕೋ ಕೆಳಗಿನ ಗೂಡಿಗೋ ಹೊಂದುವ ಹಾಗೆ ಉಳಿದದ್ದನ್ನು ಬರೆಯಬೇಕು. ಹೀಗೆ ಇಡೀ ಮನೆಯ ತುಂಡುಗಳನ್ನು ಹಾಳೆಗಳ ಮೇಲೆ ಹರಡಿ ಕೂರಿಸಿ, ಲಿಸ್ಟು ಇದ್ದರೆ ಇಷ್ಟು ಹಾಳೆ, ಇಲ್ಲದಿದ್ದರೆ ಇಷ್ಟು ಎಂದು ಎರಡು ಸಾಲು ಬರೆದು ಕೊಟ್ಟೆ. ವ್ಯತ್ಯಾಸದ ಹಾಳೆಗಳ ಬೆಲೆಯನ್ನೂ ಕೆಳಗೆ ಬರೆದೆ. ಎಂಜಿನಿಯರ್‌ಗಳಿಗೆ ಇದು ಕೂಡಲೇ ಹಿಡಿಸಿತು. ಡಾಕ್ಟರುಗಳು, ವಕೀಲರು ಓದದೇ ಸಹಿ ಹಾಕುತ್ತಿದ್ದರು. ಅವರಿಗೆ ಫೀಸು ಎಂಬುದೇ ಹೊಸದಲ್ಲ. ಎಲ್ಲರಿಗಿಂತ ಹೆಚ್ಚು ಚೌಕಾಸಿ ಮಾಡಿದವರು ಸ್ವಂತ ಅಂಗಡಿ ಇಟ್ಟವರು. ಅವರು ಮಾರುವುದೆಲ್ಲ ಕೈಯಲ್ಲಿ ಹಿಡಿಯುವಂಥದ್ದು.

ಬಡಗಿಗಳ ಮಾತು ಬರೆಯದೇ ಇದೆಲ್ಲ ಅರ್ಧ. ನಾನು ಶುರು ಮಾಡಿದಾಗ ಬಾಗಿಲು ಚೌಕಟ್ಟು ಮಾಡುವ ನಮ್ಮ ಆಚಾರ್ರು ಇದ್ದರು, ಕೇರಳದವರಿದ್ದರು. ಪ್ಲೈ ಮತ್ತು ಲ್ಯಾಮಿನೇಟಿನ ಕೆಲಸ ಹೆಚ್ಚುತ್ತಾ ಹೋದ ಹಾಗೆ ರಾಜಸ್ಥಾನದವರು ಬಂದರು. ನಮ್ಮ ಜೊತೆ ಬಹುಕಾಲದಿಂದ ಇರುವ ಮಿಸ್ತ್ರಿಯೂ ಅಲ್ಲಿಯವರೇ. ಡ್ರಾಯಿಂಗನ್ನು ಕೈಗೆ ಕೊಟ್ಟರೆ ಮೊದಲು ತಿರುಗಿಸಿ ಹಿಂದೆ ನೋಡುತ್ತಾರೆ, ಯಾಕೆಂದರೆ ಕೊನೇ ಗಳಿಗೆಯಲ್ಲಿ ನಾನು ಬದಲಾಯಿಸಿದ್ದನ್ನು ಪೆನ್ಸಿಲಿನಲ್ಲಿ ಅಲ್ಲಿ ಬರೆದಿರುತ್ತೇನೆ ಎಂದು ಅವರಿಗೆ ಗೊತ್ತು. ಆಮೇಲೆ ಗೋಡೆಗೆ ಮೂಲೆಮಟ್ಟ ಹಿಡಿಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸರಿಯಾಗಿ ತೊಂಬತ್ತು ಡಿಗ್ರಿ ಇರುವ ಮೂಲೆ ಸಿಕ್ಕರೆ ಅವತ್ತು ಚಹಾ ಅವರ ಲೆಕ್ಕದಲ್ಲಿ. ಅಪರೂಪಕ್ಕೆ ಕುಡಿದಿದ್ದೇವೆ.

ಬನಶಂಕರಿಯ ಒಂದು ಮನೆಯ ಅಡಿಗೆಮನೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅತ್ತೆಯವರು ನಾಲ್ಕಡಿ ಹತ್ತಿಂಚು, ನಿವೃತ್ತ ಶಾಲಾ ಶಿಕ್ಷಕಿ. ಸೊಸೆ ಐದೂವರೆ ಅಡಿ, ಐಟಿ ಕಂಪನಿ. ಬೆಳಗಿನ ಅಡಿಗೆ ಅತ್ತೆಯದು, ರಾತ್ರಿಯದು ಸೊಸೆಯದು. ಬಿಲ್ಡರು ಕಟ್ಟಿಕೊಟ್ಟಿದ್ದ ಕಟ್ಟೆ ಮೂವತ್ನಾಲ್ಕು ಇಂಚು, ಎಲ್ಲ ಮನೆಗೂ ಅದೇ. ಅತ್ತೆ ಸೌಟು ಹಿಡಿದರೆ ಭುಜ ಮೇಲೇರುತ್ತಿತ್ತು. ಸೊಸೆ ಪಾತ್ರೆ ತೊಳೆಯುವಾಗ ಸಿಂಕಿನೊಳಗೆ ಬಗ್ಗಿ ಬೆನ್ನು ಹಿಡಿದುಕೊಳ್ಳುತ್ತಿದ್ದಳು. ಇಬ್ಬರೂ ಈ ಮಾತನ್ನು ಪರಸ್ಪರ ಆಡಿಕೊಂಡಿರಲಿಲ್ಲ. ಸೊಸೆಗೆ ಕೆಲಸ ಮಾಡಲು ಮೈ ಬಗ್ಗುವುದಿಲ್ಲ ಎಂದು ಅತ್ತೆಯೂ, ಅತ್ತೆ ಎಲ್ಲದಕ್ಕೂ ಗೊಣಗುತ್ತಾರೆ ಎಂದು ಸೊಸೆಯೂ ತಿಳಿದಿದ್ದರು.

ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಮೊಣಕೈ ಮಡಚಿಸಿ ಟೇಪು ಹಿಡಿದೆ. ಮೊಣಕೈಗಿಂತ ನಾಲ್ಕರಿಂದ ಆರಿಂಚು ಕೆಳಗೆ ಕಟ್ಟೆ ಇದ್ದರೆ ಕೈಗೆ ನೋವಿಲ್ಲ. ಒಬ್ಬರಿಗೆ ಮೂವತ್ತೊಂದು ಬಂತು, ಇನ್ನೊಬ್ಬರಿಗೆ ಮೂವತ್ತಾರು. ನಡುವಿನ ಅಳತೆ ಇಟ್ಟರೆ ಇಬ್ಬರಿಗೂ ಸಮನಾಗಿ ನೋವು. ಹಾಗಾಗಿ ಒಲೆ ಇರುವ ಪೂರ್ವದ ಕಟ್ಟೆಯನ್ನು ಮೂವತ್ತೊಂದಕ್ಕೆ ಇಳಿಸಿದೆ. ಒಲೆಯ ಮೇಲೆ ಪಾತ್ರೆ ಕೂರುವುದರಿಂದ ಅಲ್ಲಿ ತಗ್ಗಿದ್ದರೆ ಉದ್ದದವರಿಗೂ ಅಷ್ಟೇನೂ ತೊಂದರೆ ಇಲ್ಲ. ಸಿಂಕಿನ ಕಡೆಯದನ್ನು ಮೂವತ್ತೈದಕ್ಕೆ ಏರಿಸಿದೆ. ತೊಳೆಯುವ ಕೈ ಬೋಗುಣಿಯ ತಳಕ್ಕೆ ಹೋಗುತ್ತದೆ, ಆದ್ದರಿಂದ ಅಲ್ಲಿ ಎತ್ತರ ಇದ್ದಷ್ಟೂ ಬೆನ್ನಿಗೆ ಸುಖ. ಆಗ್ನೇಯದಲ್ಲಿ ಒಲೆ, ಪೂರ್ವಕ್ಕೆ ಮುಖ ಎಂಬ ವಾಸ್ತುವೂ ಕೆಡಲಿಲ್ಲ. ವಾಸ್ತುವಿನ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ನಂಬುವವರು ಅಡಿಗೆ ಮಾಡುವಾಗ ನೆಮ್ಮದಿಯಾಗಿರುತ್ತಾರೆ, ಅದೂ ಲೆಕ್ಕಕ್ಕೆ ಸೇರಬೇಕಾದದ್ದೇ.

ಮಗ ಬಂದವರು ಡ್ರಾಯಿಂಗ್ ನೋಡಿ ಹುಬ್ಬು ಗಂಟಿಕ್ಕಿದರು. "ಒಂದು ಕಲ್ಲು ಮೇಲೆ, ಒಂದು ಕಲ್ಲು ಕೆಳಗೆ. ಮುಂದೆ ಮಾರೋವಾಗ ತೊಂದರೆ ಆಗಲ್ವಾ?"

"ನೀನು ಮಾರೋವಾಗ ಮಾರು" ಎಂದರು ಅತ್ತೆ. "ನಾನು ನಾಳೆ ಬೆಳಿಗ್ಗೆ ಹುಳಿ ಮಾಡಬೇಕು."

ಫೀಸಿನ ವಿಷಯಕ್ಕೂ ಮಗ ರಾಗ ಎಳೆದರು. ಆ ತಾಯಿ ನನ್ನ ಮುಂದೆಯೇ "ಕೊಡೋ ಸುಮ್ನೆ, ಮೂವತ್ತು ವರ್ಷದಲ್ಲಿ ನನ್ನ ಕೈ ಅಳೆದವರು ಇವಳೊಬ್ಬಳೇ" ಎಂದರು. ಅಷ್ಟು ಸ್ಪಷ್ಟವಾದ ಇನ್‌ವಾಯ್ಸನ್ನು ನಾನು ಇವತ್ತಿನವರೆಗೂ ಬರೆದಿಲ್ಲ.

ನನಗೆ ತೀರ ಇಷ್ಟವಾದ ಕೆಲಸ ಒಂದು ಪೆಟ್ಟಿಗೆ. ಮೈಸೂರು ಮೂಲದವರೇ ಆದ ಒಬ್ಬರಿಗೆ ಫ್ಲ್ಯಾಟಿನಲ್ಲಿ ದಸರಾ ಗೊಂಬೆ ಕೂರಿಸಲು ಜಾಗ ಇರಲಿಲ್ಲ. ಹಲಗೆ, ಡಬ್ಬ, ಟ್ರಂಕು ಜೋಡಿಸಿ ಮೆಟ್ಟಿಲು ಮಾಡಿ, ಅದರ ಮೇಲೆ ಬಿಳಿ ಪಂಚೆ ಹೊದಿಸುವುದು ಅವರ ಅಮ್ಮನ ಕಾಲದ ರೂಢಿ. ಟ್ರಂಕು ಇಡುವ ಅಟ್ಟವೇ ಈಗಿನ ಮನೆಯಲ್ಲಿಲ್ಲ. ಹಾಲಿನ ಮೂಲೆಯಲ್ಲಿ ನಲವತ್ತಿಂಚು ಎತ್ತರದ ಒಂದು ಪೆಟ್ಟಿಗೆ ಮಾಡಿಸಿದೆ. ವರ್ಷವಿಡೀ ಅದರ ಮೇಲೆ ಫೋಟೊ, ಹೂದಾನಿ. ನವರಾತ್ರಿಗೆ ಮುಂದಿನ ಹಲಗೆ ತೆಗೆದರೆ ಒಳಗಿಂದ ಒಂದರೊಳಗೊಂದು ಕೂತ ನಾಲ್ಕು ಪೆಟ್ಟಿಗೆ ಹೊರಬರುತ್ತವೆ, ಒಂದಕ್ಕಿಂತ ಒಂದು ಎಂಟಿಂಚು ತಗ್ಗು. ಹೊರಗಿನದೂ ಸೇರಿ ಐದು ಮೆಟ್ಟಿಲು. ಪಟ್ಟದ ಗೊಂಬೆಗೆ ಮೇಲಿನ ಮೆಟ್ಟಿಲು. ಬರ್ತು ಮಡಚುವ ಪಾಠ ಕಲಿತವಳಿಗೆ ಇದು ಹೊಳೆದದ್ದರಲ್ಲಿ ಅಂಥ ಜಾಣತನವೇನೂ ಇಲ್ಲ. ಅಣ್ಣ ಆಗ ನಿವೃತ್ತರಾಗಿದ್ದರು. ಬೆಂಗಳೂರಿಗೆ ಬಂದವರನ್ನು ಸೈಟಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಎಳೆದು ನೋಡಿದರು, ನೂಕಿ ನೋಡಿದರು. "ನಾಲ್ಕೂ ಕಡೆ ಚಕ್ರ ಬೇಡ. ಹಿಂದೆ ಎರಡು ಚಕ್ರ, ಮುಂದೆ ಎರಡು ಕಾಲು ಇಡು. ಇಲ್ಲದಿದ್ರೆ ಸೋಬಾನೆ ಹೇಳೋವಾಗ ಯಾರದೋ ಸೆರಗು ತಾಗಿ ರಾಜಾ ರಾಣಿ ಇಬ್ರೂ ಹೊರಟುಬಿಡ್ತಾರೆ" ಎಂದರು. ಮಿಸ್ತ್ರಿಗೆ ಕನ್ನಡ ಪೂರ್ತಿ ಅರ್ಥವಾಗಲಿಲ್ಲ, ಚಕ್ರದ ಮಾತು ಆಯಿತು. ಅಲ್ಲೇ ಕೂತು ಮುಂದಿನವನ್ನು ಬಿಚ್ಚಿದರು.

ಸ್ಟುಡಿಯೋ ನಡೆಸುವುದು ಇದಕ್ಕಿಂತ ಬೇರೆ ವಿದ್ಯೆ. ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ನಮ್ಮದು ಪಂಚಾಂಗದ್ದು. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆಷಾಢಕ್ಕೆ ಮೊದಲು ಊರಿನ ಎಲ್ಲ ಮನೆಗಳೂ ಒಟ್ಟಿಗೇ ಮುಗಿಯಬೇಕು, ಆಮೇಲೆ ಒಂದು ತಿಂಗಳು ಯಾರ ಫೋನೂ ಇಲ್ಲ. ಬಾಡಿಗೆ, ಸಂಬಳಗಳು ಆಷಾಢ ಆಚರಿಸುವುದಿಲ್ಲ. ದೀಪಾವಳಿಗೂ ಹೋಳಿಗೂ ಬಡಗಿಗಳು ಊರಿಗೆ ಹೋಗುತ್ತಾರೆ, ಪಾಲಿಶಿನ ಬಿಹಾರಿ ಹುಡುಗರು ಛಠ್ ಪೂಜೆಗೆ. ಮಳೆಗಾಲದಲ್ಲಿ ಮೆಲಮೈನ್ ಪಾಲಿಶ್ ತೇವ ಹೀರಿ ಬೆಳ್ಳಗಾಗುತ್ತದೆ. ಪುರೋಹಿತರು ಇಟ್ಟುಕೊಟ್ಟ ಮುಹೂರ್ತಕ್ಕೆ ಇದು ಯಾವುದೂ ಗೊತ್ತಿಲ್ಲ. ಹಸಿ ಪಾಲಿಶಿನ ವಾಸನೆಯೂ ಹೋಮದ ಹೊಗೆಯೂ ಒಟ್ಟಿಗೇ ಏಳುವ ಗೃಹಪ್ರವೇಶಗಳಲ್ಲಿ ಒಂದು ಕಣ್ಣು ಪೂರ್ಣಾಹುತಿಯ ಮೇಲೆ, ಒಂದು ಕಣ್ಣು ಥಿನ್ನರ್ ಡಬ್ಬ ಎಲ್ಲಿದೆ ಎನ್ನುವುದರ ಮೇಲೆ ಇಟ್ಟು ನಿಂತಿದ್ದೇನೆ.

ಇನ್ನು ಕೊನೆಯ ಹತ್ತು ಪರ್ಸೆಂಟು. ಈ ಕಸುಬಿನವರು ಇಬ್ಬರು ಸೇರಿದರೆ ಮಾತು ಅಲ್ಲಿಗೇ ಬರುತ್ತದೆ. ಮುಂಗಡ ಬರುತ್ತದೆ, ಮಾಲಿನ ದುಡ್ಡು ಬರುತ್ತದೆ, ಮನೆಯವರು ಹಾಲುಕ್ಕಿಸಿ ಒಳಗೆ ಬಂದ ಮೇಲೆ ಕೊನೆಯ ಕಂತು ಮಾತ್ರ ಬರುವುದಿಲ್ಲ. ಒಂದು ಡ್ರಾಯರ್ ಬಿಗಿ, ಒಂದು ಹಿಡಿಕೆ ಸಡಿಲ, ಒಂದು ಕಡೆ ಬಣ್ಣದ ಛಾಯೆ ಬೇರೆ. ಎಲ್ಲವೂ ನಿಜವೇ, ಸರಿಮಾಡಿಕೊಟ್ಟದ್ದೂ ನಿಜ. ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಒಬ್ಬರಂತೂ ಗೋಡೆ ಗಡಿಯಾರ ನಿಂತಿದೆ ಎಂದು ಕರೆದಿದ್ದರು. ಗಡಿಯಾರ ಅವರ ಮದುವೆಗೆ ಬಂದದ್ದು. ನಾವು ಕಂತುಗಳ ಕ್ರಮವನ್ನೇ ಬದಲಾಯಿಸಿದೆವು. ಬಾಗಿಲುಗಳಿಗೆ ಲ್ಯಾಮಿನೇಟ್ ಅಂಟುವ ಹೊತ್ತಿಗೆ ಬಹುಪಾಲು ಬಂದಿರಬೇಕು. ಕೊನೆಗೆ ಉಳಿಯುವುದು ಹೋದರೂ ಹೊಟ್ಟೆ ಉರಿಯದಷ್ಟು.

2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಭಾನುವಾರದ ಖರ್ಚಿ, ಅಂದರೆ ಬಡಗಿಗಳ ವಾರದ ಕೈಖರ್ಚು, ಕೊಡಲು ನೋಟಿಲ್ಲ. ಬಡಗಿಗಳಲ್ಲಿ ಹಲವರ ಬ್ಯಾಂಕ್ ಖಾತೆ ಊರಿನಲ್ಲಿ, ಪಾಸ್‌ಬುಕ್ ಹೆಂಡತಿಯ ಹತ್ತಿರ. ಕಿರಾಣಿ ಅಂಗಡಿಯವರ ಹತ್ತಿರ ಸ್ಟುಡಿಯೋ ಹೆಸರಿನಲ್ಲಿ ಉದ್ದರಿ ಬರೆಸಿ ಹಿಟ್ಟು, ಬೇಳೆ ಕೊಡಿಸಿದೆವು. ಮರುವರ್ಷ 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ನಮ್ಮ ಫೀಸಿನ ಮೇಲೆ ನೂರಕ್ಕೆ 18. ಬಿಲ್ ಇಲ್ಲದೆ ಮಾಡಿಕೊಡಿ ಎನ್ನುವವರು ಅಲ್ಲಿಂದ ಹೆಚ್ಚಾದರು. ಫೀಸಿಗೇ ರಾಗ ಎಳೆಯುವವರ ಮುಂದೆ ಫೀಸಿನ ಮೇಲಿನ ತೆರಿಗೆ ಇಡುವುದಕ್ಕೆ ಬೇರೆಯೇ ಧೈರ್ಯ ಬೇಕು.

ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲು ಸೈಟಿನಲ್ಲಿ ನಿಲ್ಲಬೇಕು, ಆಮೇಲೆ ಕಂಪ್ಯೂಟರ್ ಎಂಬುದು ನಮ್ಮಲ್ಲಿನ ಕಟ್ಟುಪಾಡು. ಈಗಿನ 3ಡಿ ಚಿತ್ರಗಳು ಬಲು ಸೊಗಸು. ಎರಡಡಿ ಆಚೆ ಪಕ್ಕದ ಮನೆಯ ಗೋಡೆ ಇರುವ ಕಿಟಕಿಯಿಂದಲೂ ಬಂಗಾರದ ಬಿಸಿಲು ಸುರಿಯುತ್ತದೆ. ಮನೆಯವರು ಆ ಬಿಸಿಲಿಗೆ ಮರುಳಾಗಿ ಸಹಿ ಹಾಕುತ್ತಾರೆ, ಆಮೇಲೆ ಬಿಸಿಲು ಎಲ್ಲಿ ಎಂದು ನಮ್ಮನ್ನು ಕೇಳುತ್ತಾರೆ. ಕಲಿತವರು ದೊಡ್ಡ ಕಂಪನಿಗಳಿಗೆ ಹೋಗುತ್ತಾರೆ. ಹೋಗಲಿ. ಅಲ್ಲಿ ಸಿಗುವ ಸಂಬಳವನ್ನು ನಾನು ಕೊಡಲಾರೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಮ್ಮ ತಂಡ ಸರ್ಜಾಪುರ ರಸ್ತೆಯ ಒಂದು ಫ್ಲ್ಯಾಟಿನಲ್ಲಿತ್ತು. ಬಡಗಿಗಳು ಕೆಲಸ ನಡೆಯುವ ಮನೆಯಲ್ಲೇ ಮಲಗುವುದು ರೂಢಿ. ಮಾಲೀಕರು ಇರಲಿ ಎಂದರು, ಅಪಾರ್ಟ್‌ಮೆಂಟಿನವರು ಬೇಡ ಎಂದರು. ಕೊನೆಗೆ ಸ್ಟುಡಿಯೋಗೆ ಕರೆತಂದೆವು. ಆ ಹೊತ್ತಿಗೆ ಗ್ಯಾರೇಜು ಬಿಟ್ಟು, ಕಿಟಕಿಗಳಿರುವ ಮೇಲ್ಮಹಡಿಗೆ ಬಂದಿದ್ದೆವು. ಡ್ರಾಯಿಂಗ್ ಮೇಜುಗಳನ್ನು ಗೋಡೆಗೆ ಸರಿಸಿ ಹಾಸಿಗೆ ಹಾಸಿಕೊಂಡರು, ಕುಕ್ಕರಿನಲ್ಲಿ ನಿಜವಾಗಿಯೂ ಬೇಳೆ ಬೆಂದಿತು. ಮೇ ತಿಂಗಳಲ್ಲಿ ಮಾಲೂರು, ಚಿಕ್ಕಬಾಣಾವರಗಳಿಂದ, ಊರಿಗೆ ಮರಳುವ ಕೂಲಿಕಾರರಿಗೆಂದು ಶ್ರಮಿಕ್ ರೈಲುಗಳು ಹೊರಟವು. ಬಿಲ್ಡರುಗಳ ಜೊತೆ ಸಭೆಯಾದ ಮೇಲೆ ರೈಲು ಬೇಡವೆಂದು ಸರ್ಕಾರ ಹೇಳಿ, ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಆ ನಡುವಿನ ದಿನಗಳಲ್ಲಿ ಮಿಸ್ತ್ರಿ ನನ್ನ ಜೊತೆ ಮಾತಾಡಲಿಲ್ಲ. ತಮ್ಮನ್ನು ಇಟ್ಟುಕೊಳ್ಳಲು ಬಯಸುವವರ ಪೈಕಿ ನಾನೂ ಒಬ್ಬಳು ಎಂದು ಅವರಿಗೆ ಅನ್ನಿಸಿರಬೇಕು. ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ರೈಲು ಹತ್ತಿ ಹೋದ ಅವರು ತಿರುಗಿ ಬರುವಷ್ಟರಲ್ಲಿ ಬೆಂಗಳೂರಿನ ಮನೆಗಳೆಲ್ಲ ಕಚೇರಿಗಳಾಗಿದ್ದವು. ಗಂಡನಿಗೊಂದು ಮೇಜು, ಹೆಂಡತಿಗೊಂದು, ಮಕ್ಕಳ ಆನ್‌ಲೈನ್ ಪಾಠಕ್ಕೊಂದು. ವಿಡಿಯೋದಲ್ಲಿ ಹಿಂದಿನ ಗೋಡೆ ಚೆನ್ನಾಗಿ ಕಾಣಬೇಕು, ಕುಕ್ಕರ್ ಕೂಗು ಕೇಳಬಾರದು. ಮನೆಯ ಮೂಲೆ ಮೂಲೆಯನ್ನೂ ಯೋಚಿಸಿ ಬಳಸಬೇಕು ಎಂಬ ಮಾತನ್ನು ಜನ ಮೊದಲ ಬಾರಿಗೆ ತಾವಾಗಿಯೇ ಆಡಿದರು. ಫೀಸಿಗೆ ಚೌಕಾಸಿ ಕಡಿಮೆಯಾದದ್ದೂ ಆಗಲೇ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಬಾಗಿಲು ತೆರೆದಾಗ ನಿಮ್ಮ ಕತೆ ಮುಗಿಯಿತು ಎಂದು ಕೆಲವರು ಹೇಳಿದರು. ಮೊದಲ ದಿನಗಳ ನೂಕುನುಗ್ಗಲಿನಲ್ಲಿ ನಾನೂ ಹೋಗಿ ನಿಂತೆ. ಅಲ್ಲಿನ ಕಪಾಟು ನನ್ನದಕ್ಕಿಂತ ಅಗ್ಗ, ಒಪ್ಪಿಕೊಂಡೆ. ಈಗ ಹಲವರು ಅಲ್ಲಿಂದ ಪೆಟ್ಟಿಗೆಗಳನ್ನು ತಂದು, ಎಲ್ಲಿ ಯಾವುದು ಇಡಬೇಕು ಹೇಳಿ ಎಂದು ನಮ್ಮನ್ನು ಕರೆಯುತ್ತಾರೆ. ಮರ ಇಲ್ಲ, ಬಡಗಿ ಇಲ್ಲ; ಬಿಲ್ಲಿನಲ್ಲಿ ಉಳಿಯುವುದು ಯೋಚನೆ ಒಂದೇ.

ನಮ್ಮಲ್ಲಿ ಕೆಲಸ ಕಲಿತ ಹುಬ್ಬಳ್ಳಿಯ ಹುಡುಗಿಯೊಬ್ಬಳು ಊರಿಗೆ ಹೋಗಿ ವಿದ್ಯಾನಗರದಲ್ಲಿ ಸ್ವಂತ ಸ್ಟುಡಿಯೋ ತೆರೆದಿದ್ದಾಳೆ. ಫೀಸು ಹೇಗೆ ಬರೆಯುವುದು ಎಂದು ಕೇಳಲು ಫೋನ್ ಮಾಡಿದ್ದಳು. ಒಟ್ಟು ಕೆಲಸದ ಮೇಲೆ ನೂರಕ್ಕೆ ಇಷ್ಟು, ಕಂತು ಹೀಗೆ ಎಂದು ನನ್ನ ಪುರಾಣ ಬಿಚ್ಚಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇಲ್ಲಿ ನಡಿಯೂದಿಲ್ರಿ ಮೇಡಂ, ಪರ್ಸೆಂಟ್ ಅಂದ್ರ ದಲಾಲಿ ಅಂತಾರ" ಎಂದಳು. ಕೆಲ ತಿಂಗಳ ಮೇಲೆ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದೆ. ಬಾಗಿಲಿಗೇ ಬೋರ್ಡು ಹಾಕಿದ್ದಾಳಂತೆ, ಮನೆಗೆ ಬಂದು ಸಲಹೆ ಕೊಡಲು ಗಂಟೆಗೆ ಇಷ್ಟು ಎಂದು. ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದ ಮೇಲೆ, ಹೆಲ್ಮೆಟ್ ತೆಗೆಯುವ ಮೊದಲು ಫೋನಿನಲ್ಲಿ ಕ್ಯೂಆರ್ ತೋರಿಸುತ್ತಾಳೆ. "ಕೊಡ್ತಾರಾ?" ಎಂದು ಕೇಳಿದೆ. "ಕೊಡದಿದ್ರ ಹೆಲ್ಮೆಟ್ ತೆಗಿಯೂದೇ ಇಲ್ರಿ" ಎಂದಳು. ಅವಳ ಬೋರ್ಡಿನ ಫೋಟೊ ತರಿಸಿಕೊಂಡಿದ್ದೇನೆ, ನಮ್ಮ ಆಷಾಢದ ತಿಂಗಳಿಗೆ ಹೊಂದುತ್ತದೆಯೋ ನೋಡಬೇಕು.